ಗಂಗಯ್ಯನವರ ಸುತ್ತು

ಬೈಲಹೊಂಗಲದ ಗೊಬ್ಬರದ ಅಂಗಡಿಯ ಮೇಲಿನ ಖೋಲಿಯಲ್ಲಿ ನಾಲ್ಕು ಕುರ್ಚಿಗಳಿದ್ದವು. ಕೂರುವವಳು ಅಂಬರೀನ ಒಬ್ಬಳೇ. ಉಳಿದ ಮೂವರನ್ನು ಗುತ್ತಿಗೆದಾರ ರಾಮದುರ್ಗದ ಕೆಲಸಕ್ಕೆ ಎಬ್ಬಿಸಿಕೊಂಡು ಹೋಗಿದ್ದ. ಹಳ್ಳಿಗಳ ನಕ್ಷೆಯ ಫೈಲುಗಳಿಗೆ ಜಾಗಗಳ ಆಕಾರ ಸೇರಿಸುವುದು ಅವಳ ಕೆಲಸ. ಚಿತ್ರ ತೋರಿಸುವ ಸಾಫ್ಟ್‌ವೇರಿನ ಲೈಸೆನ್ಸು ಮುಗಿದಿದ್ದರಿಂದ ಎಲ್ಲವನ್ನೂ ಕಪ್ಪು ಪರದೆಯ ಮೇಲೆ ಟೈಪು ಮಾಡಿಯೇ ಸೇರಿಸಬೇಕು: ಮೊದಲು ಒಂದು ಆಜ್ಞೆ, ಆಮೇಲೆ ಹಳ್ಳಿಯ ಫೈಲಿನ ಹೆಸರು, ಆಮೇಲೆ ಯಾರೋ ಮೊಬೈಲು ಹಿಡಿದು ಜಾಗ ಸುತ್ತಿ ಕಳಿಸಿದ ಬಿಂದುಗಳ ಫೈಲು. ಪರದೆ ಒಪ್ಪಿದರೆ ಏನೂ ಹೇಳುವುದಿಲ್ಲ. ತಪ್ಪಿದ್ದರೆ ಮಾತ್ರ ಬಾಯಿ ಬಿಡುತ್ತದೆ. ಹೀಗಾಗಿ ಕೆಲಸ ಸಲೀಸಾಗಿ ಸಾಗಿದ ದಿನ ಅವಳ ಜೊತೆ ಯಾರೂ ಮಾತಾಡುತ್ತಿರಲಿಲ್ಲ.

ಆ ವಾರ ಮಾತ್ರ ಮೂರು ದಿನ ಮಾತು ಸಿಕ್ಕಿತು. ಮುರಗೋಡದಾಚೆ, ಕಬ್ಬಿನ ನಡುವೆ ಒಂದು ಕಲ್ಮೇಶ್ವರನ ಗುಡಿ, ಸುತ್ತ ಹದಿನಾಲ್ಕು ಗುಂಟೆ, ಅದರಲ್ಲೊಂದು ಕೋಣೆ, ಕೋಣೆಯಲ್ಲಿ ಎಪ್ಪತ್ತೆರಡರ ಪೂಜಾರಿ ಗಂಗಯ್ಯ. ಹಳೆಯ ನಕ್ಷೆಯಲ್ಲಿ ಗುಡಿಯೆಂದರೆ ಒಂದು ಚುಕ್ಕಿ. ಶುಕ್ರವಾರದೊಳಗೆ ಅಲ್ಲಿಗೆ ಆಕಾರ ಸೇರದಿದ್ದರೆ ಇಡೀ ಜಾಗ ಸರ್ಕಾರಿ ಬಯಲೆಂದು ದಾಖಲಾಗುತ್ತದೆ. ಬಯಲಿನಲ್ಲಿ ಕೋಣೆ ಇರುವಂತಿಲ್ಲ, ಗಂಗಯ್ಯನೂ ಇರುವಂತಿಲ್ಲ.

ಬುಧವಾರ ಅಂಬರೀನ ಮೂರನೆಯ ಸಲ ಫೋನು ಮಾಡಿದಳು.

"ಅಜ್ಜಾರ, ಮತ್ತ ವಾಪಸ್ ಬಂತ್ರಿ. ಕ್ಷೇತ್ರ ಸೊನ್ನಿ ಅನ್ನಾಕತ್ತೈತಿ."

"ಯಾರು ಅನ್ನಾಕತ್ತಾರ?"

"ಕಂಪ್ಯೂಟರ್‌ರಿ."

"ಅದು ಒಮ್ಮೆರ ಇಲ್ಲಿ ಬಂದು ನೋಡೇತೇನು? ಮೊಳಕಾಲ ಹಿಡಕೊಂಡು ಪೂರಾ ಸುತ್ತೇನಿ ತಂಗಿ."

"ಹೆಂಗ ಸುತ್ತಿದ್ರಿ, ಹೇಳ್ರಿ ನೋಡೂಣು."

"ಬಾಗಲದಿಂದ ನೀರಿನ ತನಕ ಹೋದೆ. ತಿರುಗಿ ಬಾಗಲಕ್ಕ ಬಂದೆ. ಆ ಕಡಿಂದ ನೀರಿನ ತನಕ ಹೋದೆ. ತಿರುಗಿ ಬಂದೆ."

"ನೀರು ದಾಟಲಿಲ್ಲೇನ್ರಿ?"

"ಲಿಂಗಕ್ಕ ಎರೆದ ನೀರು ದಾಟತಾರೇನು? ತಿರುಗಿ ಬರೂದ ಸುತ್ತು."

ಅಂಬರೀನ ಬಿಂದುಗಳ ಪಟ್ಟಿ ನೋಡಿದಳು. ಹೋದ ಅಂಕಿಗಳೇ ತಿರುಗಿ ಬಂದಿದ್ದವು, ನೀರಿನ ಹತ್ತಿರ ಗೆರೆ ಕೂಡಿರಲಿಲ್ಲ. ಐವತ್ತು ವರ್ಷಗಳಿಂದ ಆ ಮನುಷ್ಯ ದಿನವೂ ಪೂರಾ ಸುತ್ತುತ್ತಿದ್ದಾನೆ. ಯಂತ್ರದ ಲೆಕ್ಕದಲ್ಲಿ ಒಮ್ಮೆಯೂ ಸುತ್ತಿಲ್ಲ. ನಡುವಿನ ಒಂದು ಗೇಣು ಕಾಲುವೆಯನ್ನು ತಾನೇ ಟೈಪು ಮಾಡಿ ಕೂಡಿಸಬಹುದಿತ್ತು, ಆದರೆ ನಡೆಯದ ಬಿಂದುವನ್ನು ಸೇರಿಸಬಾರದೆಂಬುದು ಕಟ್ಟುನಿಟ್ಟಿನ ನಿಯಮ.

"ಬ್ಯಾರೆ ಯಾರರ ಕೈಲೆ ದಾಟಸ್ರಿ."

"ಯಾರದಾರ? ಸೋಮವಾರಕ್ಕೊಮ್ಮೆ ಕಾಯಿ ಒಡಸಾಕ ಶಂಕರೆಪ್ಪ ಬರತಾನ. ಅವನೂ ದಾಟೂದಿಲ್ಲ."

ಗುರುವಾರ ಅವಳು ಬಸ್ಸು ಹತ್ತಿದಳು. ರಜೆ ಕೇಳಲು ಖೋಲಿಯಲ್ಲಿ ಯಾರೂ ಇಲ್ಲದ್ದರಿಂದ ತಾನೇ ಕೇಳಿ, ತಾನೇ ಮಂಜೂರು ಮಾಡಿಕೊಂಡಳು.

ಗುಡಿಯ ಬಡಗು ಗೋಡೆಯ ಕಲ್ಲಿನ ಬಾಯಿಂದ ಹೊರಟ ನೀರು, ಗೇಣಗಲದ ಕಾಲುವೆಯಾಗಿ ಜಾಗದ ಗಡಿ ದಾಟಿ ಕಬ್ಬಿಗೆ ಹರಿಯುತ್ತಿತ್ತು. ಮಗು ಕೂಡ ದಾಟಬಹುದಾದಷ್ಟು.

"ನಾ ದಾಟಿದ್ರ ನಡೀತೈತೇನ್ರಿ?"

"ನೀ ದಾಟಿದ್ರ ನಾ ಏನೂ ಅನ್ನೂದಿಲ್ಲ," ಎಂದು ಗಂಗಯ್ಯ ಕಬ್ಬಿನ ಕಡೆ ಮುಖ ತಿರುಗಿಸಿದ.

ಮದುವೆಯ ಮಾತು ಬಂದಾಗಲೆಲ್ಲ ಅಂಬರೀನಳ ತಾಯಿಯೂ ಹೀಗೇ ಏನೂ ಅನ್ನುತ್ತಿರಲಿಲ್ಲ, ಆದರೆ ಅದು ಒಪ್ಪಿಗೆಯಾಗಿರಲಿಲ್ಲ. ಎತ್ತಿದ ಕಾಲನ್ನು ಅವಳು ಅಲ್ಲೇ ಇಳಿಸಿದಳು. ಅವನ ಕೈಯಲ್ಲಿದ್ದ ಮೊಬೈಲು ನೋಡಿ ಹೇಳಿದಳು:

"ಅಜ್ಜಾರ, ದಾಟಬೇಕಾದ್ದು ನಾನೂ ಅಲ್ಲ, ನೀವೂ ಅಲ್ಲ. ಮೊಬೈಲ್."

ಗಂಗಯ್ಯ ಮೊಬೈಲನ್ನು ತಿರುವಿ ನೋಡಿದ. "ಇದಕ್ಕ ಕಾಲಿಲ್ಲ. ದಾಟಲಿ."

ಅವಳು ಬಾಗಿಲ ಕಡೆಯಿಂದ ಸುತ್ತು ಹಾಕಿ ಬಂದು ಕಾಲುವೆಯ ಆಚೆ ದಂಡೆಯಲ್ಲಿ ನಿಂತಳು. ಅವನು ಬಾಗಿಲಿನಿಂದ ಹೊರಟು, ಮೂಲೆ ಮೂಲೆ ಮುಟ್ಟಿ, ಈಚೆ ದಂಡೆಗೆ ಬಂದ. ಕೈ ಚಾಚಿದ. ಅವಳು ತೆಗೆದುಕೊಂಡಳು.

"ನಮ್ಮ ಮನಿಯಾಕಿ ಗುರವ್ವ ಇದ್ದಾಗ ಹೂವಿನ ಬುಟ್ಟಿ ಹಿಂಗ ದಾಟಸ್ತಿದ್ದೆ," ಎಂದ. "ಅಕಿ ಹೋಗಿ ಒಂಬತ್ತು ವರ್ಷಾತು. ಆ ದಂಡಿಗೆ ಆಮ್ಯಾಲ ಯಾರೂ ನಿಂತಿಲ್ಲ."

ಅಂಬರೀನ ಉಳಿದರ್ಧವನ್ನು ನಡೆದು ಬಾಗಿಲಿಗೆ ಮುಟ್ಟಿಸಿದಳು. ಅವನು ಚಹಾ ಮಾಡಿದ. ಎರಡನೆಯ ಕಪ್ಪು ಹುಡುಕಲು ಬಹಳ ಹೊತ್ತು ಹಿಡಿಯಿತು.

ಶುಕ್ರವಾರ ಹತ್ತೂವರೆಗೆ ಸಾಲು ಟೈಪು ಮಾಡಿ ಎಂಟರ್ ಒತ್ತಿದಳು. ಪರದೆ ತುಟಿ ಬಿಚ್ಚಲಿಲ್ಲ. ಫೈಲು ತೆರೆದು ನೋಡಿದರೆ, ಹದಿನಾಲ್ಕು ಗುಂಟೆಗೆ ಒಂದಿಷ್ಟು ಹೆಚ್ಚೇ ಇತ್ತು. ಫೋನು ಹಚ್ಚಿದಳು.

"ಕೂಡ್ತ್ರಿ ಅಜ್ಜಾರ. ಇನ್ನ ನಿಮ್ಮನ್ನ ಯಾರೂ ಎಬ್ಬಸೂದಿಲ್ಲ."

"ಚೊಲೋ ಆತು ತಂಗಿ. ಹಂಗಾದ್ರ ನಾಳೆ ಮೊಬೈಲ್ ಹಿಡದು ಸುತ್ತೂದು ಬ್ಯಾಡ?"

"ಬ್ಯಾಡ್ರಿ."

"ನೀನೂ ಫೋನ್ ಮಾಡೂದಿಲ್ಲ."

ಅಂಬರೀನ ಫೈಲನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ನೋಡಿದಳು. ಕೇಳುವುದಕ್ಕೆ ಒಂದು ತಪ್ಪೂ ಉಳಿದಿರಲಿಲ್ಲ.

"ಕೆಲಸ ಮುಗೀತಲ್ರಿ," ಎಂದಳು.

"ಮುಗೀತು ಬಿಡು," ಎಂದ ಗಂಗಯ್ಯ. ಫೋನನ್ನು ಇಬ್ಬರೂ ಇಡಲಿಲ್ಲ. ಅತ್ತ ಎಲ್ಲೋ ಪಂಪ್‌ಸೆಟ್ಟು ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ಲೈನು ತಾನಾಗಿಯೇ ಕಡಿದುಹೋಯಿತು.

ಅವಳು ಮುಂದಿನ ಫೈಲು ತೆರೆದಳು. ಸವದತ್ತಿ ತಾಲೂಕಿನ ಒಂದು ಗಾಯರಾಣ, ದನ ಮೇಯುವ ಖಾಲಿ ಭೂಮಿ, ಬಿಂದುಗಳೆಲ್ಲ ಕ್ರಮವಾಗಿದ್ದವು. ಸಂಪರ್ಕಿಸಬೇಕಾದವರ ಹೆಸರು ಮತ್ತು ನಂಬರಿನ ಜಾಗದಲ್ಲಿ ಯಾರೋ ಅಡ್ಡಗೆರೆ ಎಳೆದಿದ್ದರು.