ಬೆಸುಗೆಯಲ್ಲಿ ನಿಂತ ಅಣ್ಣ

ದೆವ್ವ ಕಂಡಿತು ಎಂದು ಯಾರಾದರೂ ಫೋನ್ ಮಾಡಿದರೆ ಮೊದಲು ಲೆನ್ಸ್ ಒರೆಸಿ ನೋಡಿ ಎನ್ನುವವಳು ನಾನು. ನಮ್ಮ ಕಸುಬಿನಲ್ಲಿ ದೆವ್ವಗಳಿಗೇನೂ ಬರವಿಲ್ಲ. ಎರಡು ಪ್ರೊಜೆಕ್ಟರುಗಳ ಚಿತ್ರ ಕೂದಲೆಳೆಯಷ್ಟು ಸರಿದರೆ ಸಾಕು, ಗೋಡೆಯ ಮೇಲಿನ ಕುದುರೆಗೆ ಎಂಟು ಕಾಲು, ಹೆಂಗಸಿಗೆ ಎರಡು ಮೂಗು. ಅದನ್ನೆಲ್ಲ ಕೂಡಿಸಿ ಒಂದೇ ಚಿತ್ರ ಮಾಡಿಕೊಡುವುದು ನನ್ನ ಮತ್ತು ನನ್ನಣ್ಣನ ಹೊಟ್ಟೆಪಾಡಾಗಿತ್ತು. ಹಾಗಾಗಿ ಮ್ಯೂಸಿಯಮ್ಮಿನ ಮ್ಯಾನೇಜರ್ ಫೋನ್ ಮಾಡಿ, "ಮೇಡಂ, ಸಮುದ್ರದ ಮಧ್ಯೆ ಯಾರೋ ಒಬ್ರು ನಿಂತಿದ್ದಾರೆ" ಎಂದಾಗ ನನಗೆ ನಗು ಬಂತು. ನಕ್ಕ ಮೇಲೆ ನೆನಪಾಯಿತು, ಅವರು ಹೇಳುತ್ತಿರುವುದು ಅಣ್ಣ ಸತ್ತ ಕೋಣೆಯ ವಿಷಯ.

ಅದೊಂದು ದುಂಡು ಕೋಣೆ. ಒಳಗಿನ ಸದ್ದು ಹೊರಗೆ ಹೋಗದಂತೆ ದಪ್ಪ ಬಾಗಿಲು. ಸುತ್ತಲೂ ಒಂದೇ ಬಿಳಿ ಗೋಡೆ, ಸೂರಿನಲ್ಲಿ ಆರು ಪ್ರೊಜೆಕ್ಟರು. ಪ್ರತಿಯೊಂದೂ ಗೋಡೆಯ ಒಂದೊಂದು ಭಾಗಕ್ಕೆ ಚಿತ್ರ ಬಿಡುತ್ತದೆ. ಒಂದರ ಅಂಚು ಪಕ್ಕದ್ದರ ಅಂಚಿನ ಮೇಲೆ ಹಾಯುತ್ತದೆ. ಅಲ್ಲಿ ಬೆಳಕು ಇಮ್ಮಡಿಯಾಗಬಾರದಲ್ಲ, ಅದಕ್ಕೆ ಎರಡೂ ತಮ್ಮ ತಮ್ಮ ಅಂಚನ್ನು ಮೆಲ್ಲಗೆ ಮಂಕು ಮಾಡಿಕೊಳ್ಳಬೇಕು. ಆ ಜಾಗಕ್ಕೆ ನಾವು ಬೆಸುಗೆ ಎನ್ನುತ್ತೇವೆ. ಬೆಸುಗೆ ಎಲ್ಲಿದೆ ಎಂದು ನೋಡುವವರಿಗೆ ತಿಳಿಯದಿದ್ದರೆ ಕೆಲಸ ಚೆನ್ನಾಗಿದೆ ಎಂದರ್ಥ. ಹೋದ ವರ್ಷ ಈ ಕೋಣೆಯ ಕೆಲಸ ಮುಗಿಯುವ ದಿನವೇ ಅಣ್ಣ ಹೋದ. ಆಮೇಲೆ ಕೋಣೆಗೆ ಬೀಗ ಬಿತ್ತು. ಈಗ ಸಮುದ್ರದಾಳದ ಹೊಸ ಚಿತ್ರ ತರಿಸಿದ್ದರು, ಮಾರನೆಯ ದಿನ ಉದ್ಘಾಟನೆ.

ನಾನು ಹೋದಾಗ ಕಾವಲಿನ ಹೆಂಗಸು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಸಂಬಳ ಎರಡರಷ್ಟು ಕೊಟ್ಟರೂ ಒಳಗೆ ಕಾಲಿಡುವುದಿಲ್ಲವಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಂದು ಗೊಣಗಿಕೊಂಡು ಒಳಗೆ ಹೋದೆ.

ಗೋಡೆಯ ತುಂಬ ಕಡುನೀಲಿ ನೀರು. ಮೂರನೆಯ ಮತ್ತು ನಾಲ್ಕನೆಯ ಪ್ರೊಜೆಕ್ಟರುಗಳ ಬೆಸುಗೆಯಲ್ಲಿ, ನೆಲದಿಂದ ಆಳೆತ್ತರಕ್ಕೆ, ಒಂದು ಬೆಳ್ಳನೆಯ ಆಕಾರ. ಮೀನುಗಳು ಅದರೊಳಗೆ ಹೊಕ್ಕಾಗ ಬಿಳಿಚಿಕೊಳ್ಳುತ್ತಿದ್ದವು, ಆಚೆ ಬಂದಾಗ ಮತ್ತೆ ತಮ್ಮ ಬಣ್ಣಕ್ಕೆ ಬರುತ್ತಿದ್ದವು. ಎಡ ಭುಜ ಕೊಂಚ ಇಳಿದಿತ್ತು. ಕಿವಿ ಅಗಲವಾಗಿ ಹೊರಚಾಚಿತ್ತು. ಒಂದು ಕೈ ಮೇಲೆತ್ತಿ ಗೋಡೆಗೆ ಊರಿತ್ತು. ಚಿಕ್ಕಂದಿನಲ್ಲಿ ಆ ಕಿವಿ ಹಿಡಿದು ಜಗ್ಗಿ ಎಷ್ಟು ಸಲ ಏಟು ತಿಂದಿದ್ದೆನೋ. ಮೂರನೆಯ ಪ್ರೊಜೆಕ್ಟರ್ ಆರಿಸಿದೆ, ಅಣ್ಣನ ಎಡಭಾಗ ಹೋಯಿತು. ಅದನ್ನು ಹಚ್ಚಿ ನಾಲ್ಕನೆಯದನ್ನು ಆರಿಸಿದೆ, ಬಲಭಾಗ ಹೋಯಿತು. ಎರಡನ್ನೂ ಹಚ್ಚಿದರೆ ಪೂರ್ತಿ ನಿಂತಿದ್ದ. ಸುಳ್ಳೇಕೆ ಹೇಳಲಿ, ನನಗೆ ವಿಪರೀತ ಭಯವಾಯಿತು.

ನೆಲದ ಮೇಲೆ ಕೂತು ಸುಧಾರಿಸಿಕೊಂಡ ಮೇಲೆ ಬುದ್ಧಿ ಕೆಲಸ ಮಾಡತೊಡಗಿತು. ಗೆರೆಗೆ ಗೆರೆ ಕೂಡಿಸುವುದು ನಮ್ಮ ಕಣ್ಣಿನ ಕೆಲಸ. ಕೊನೆಗೆ ಬೆಳಕನ್ನು ಸಮ ಮಾಡುವುದನ್ನು ಮಾತ್ರ ಕ್ಯಾಮೆರಾಕ್ಕೆ ಬಿಡುತ್ತೇವೆ. ಆರೂ ಪ್ರೊಜೆಕ್ಟರುಗಳು ಗೋಡೆಗೆ ಬರಿಯ ಬಿಳಿ ಬೆಳಕು ಬಿಡುತ್ತವೆ, ಕ್ಯಾಮೆರಾ ಫೋಟೋ ತೆಗೆಯುತ್ತಾ ಹೋಗುತ್ತದೆ. ಗೋಡೆ ಎಲ್ಲಿ ಮಂಕಾಗಿದೆಯೋ ಅಲ್ಲಿಗೆ ಹೆಚ್ಚು ಬೆಳಕು ಹಾಕು ಎಂದು ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಇದಕ್ಕೆ ನಾವು ಅಳತೆ ಎನ್ನುತ್ತೇವೆ. ಅಷ್ಟು ಹೊತ್ತು ಗೋಡೆಯ ಮುಂದೆ ನರಪಿಳ್ಳೆಯೂ ಇರಬಾರದು, ಬಾಗಿಲು ತೆರೆಯಬಾರದು. ತಲೆ ಹೋದರೂ ತೆರೆಯಬೇಡ ಎಂದು ಅಣ್ಣ ನನ್ನ ತಲೆಗೆ ತುಂಬಿದ್ದ. ಬಾಗಿಲ ಮೇಲಿನ ಕೆಂಪು ದೀಪ ಆರುವವರೆಗೆ ಹೊರಗೆ ಕಾಯುವುದು ಯಾವಾಗಲೂ ನನ್ನ ಪಾಲು. ಅವನು ಒಳಗೆ, ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಮೇಜಿನ ಕೆಳಗೆ ಕೂರುತ್ತಿದ್ದ; ಬೆಳಕು ಬಿದ್ದರೂ ಹೊಳೆಯದಿರಲಿ ಎಂದು ಕೊರಳಿನಿಂದ ಕಾಲಿನವರೆಗೆ ಕಪ್ಪು ಬಟ್ಟೆ. ಆ ದಿನ ದೀಪ ಆರಿದ ಮೇಲೆ ನಾನು ಬಾಗಿಲು ತೆರೆದರೆ ಅವನು ಗೋಡೆಯ ಬುಡದಲ್ಲಿ ಬಿದ್ದಿದ್ದ.

ಅಂದರೆ ಬೀಳುವ ಮೊದಲು ಗೋಡೆ ಹಿಡಿದು ನಿಂತಿದ್ದ. ಯಂತ್ರಕ್ಕೆ ಅಣ್ಣನೂ ಗೊತ್ತಿಲ್ಲ, ತಂಗಿಯೂ ಗೊತ್ತಿಲ್ಲ. ಅಲ್ಲಿ ಗೋಡೆಯೇ ಕಪ್ಪಗಿದೆ ಎಂದುಕೊಂಡು, ಅವನ ಅಳತೆಗೆ ಸರಿಯಾಗಿ ಹೆಚ್ಚು ಬೆಳಕು ಸುರಿಯುತ್ತಾ ಬಂದಿದೆ. ಕೋಣೆ ಖಾಲಿ ಮಾಡಿ ಇನ್ನೊಂದು ಸಲ ಅಳತೆ ತೆಗೆದರೆ ಅಳಿಸಿಹೋಗುತ್ತದೆ. ಇಷ್ಟೇ ಆಗಿದ್ದರೆ ನಾನು ಆಗಲೇ ಗುಂಡಿ ಒತ್ತಿ ಮನೆಗೆ ಹೋಗುತ್ತಿದ್ದೆ. ಆದರೆ ಇನ್ನೊಂದು ಸಂಗತಿ ಹೊಳೆಯಿತು. ಯಂತ್ರ ನೂರಾರು ಫೋಟೋಗಳನ್ನು ಬೆರೆಸಿ ಲೆಕ್ಕ ಹಾಕುತ್ತದೆ. ನಡುವೆ ಹಾದುಹೋದವರ ಗುರುತು ಅದರಲ್ಲಿ ಕಲಸಿ ಮಾಯವಾಗುತ್ತದೆ. ಅಣ್ಣನ ಕಿವಿಯ ಅಂಚು ಕತ್ತರಿಸಿ ಇಟ್ಟಷ್ಟು ಸ್ಪಷ್ಟವಾಗಿತ್ತು. ಡಾಕ್ಟರು ಮಾತ್ರ, ಹೃದಯಾಘಾತ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಪ್ರಾಣ ಹೋಗಿದೆ, ನೋವೇ ಗೊತ್ತಾಗಿರುವುದಿಲ್ಲ ಎಂದಿದ್ದರು. ಅತ್ತಿಗೆ ಒಂದು ವರ್ಷ ಬದುಕಿದ್ದು ಆ ಒಂದು ಮಾತಿನ ಮೇಲೆ.

ಅಷ್ಟರಲ್ಲಿ ಅತ್ತಿಗೆಯೇ ಬಂದರು. ಕಾವಲಿನವಳು ಸುದ್ದಿ ಮುಟ್ಟಿಸಿದ್ದಳು. ಅತ್ತಿಗೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು, ಕಾಲಿಗೆ ಸಿಕ್ಕ ಚಪ್ಪಲಿ ಒಂದೊಂದು ಜೊತೆಯದು. ನೋಡುತ್ತಾ ನಿಂತರು. ಆಮೇಲೆ ಮುಖ ಅರಳಿತು. ಒಂದು ವರ್ಷದಿಂದ ನಾನು ಕಾಣದ ಮುಖ ಅದು. ಹತ್ತಿರ ಹೋಗಿ ಮುಟ್ಟಲು ನೋಡಿದರು, ಆದರೆ ಅವರು ಗೋಡೆಯ ಬಳಿ ಹೋದಷ್ಟೂ ಅವರದೇ ನೆರಳು ಅವನ ಮೇಲೆ ಬಿದ್ದು ಅವನನ್ನು ನುಂಗುತ್ತಿತ್ತು. ಹಿಂದೆ ಸರಿದರೆ ಮತ್ತೆ ನಿಂತಿರುತ್ತಿದ್ದ. ಹೀಗೆ ಮುಂದೆ ಹೋಗುವುದು, ಹಿಂದೆ ಬರುವುದು. ನನಗೆ ನೋಡಲಾಗಲಿಲ್ಲ.

ಮ್ಯಾನೇಜರ್ ಬಾಗಿಲಲ್ಲಿ ತಲೆ ಹಾಕಿ ನಾಳೆ ದೊಡ್ಡವರೆಲ್ಲ ಬರುವವರಿದ್ದಾರೆ ಎಂದು ಮೆತ್ತಗೆ ನೆನಪಿಸಿ ಹೋದರು. ಅತ್ತಿಗೆ ನನ್ನ ಕೈ ಹಿಡಿದುಕೊಂಡರು.

"ಅಳಿಸ್ಬೇಡ ಕಣೇ. ಅಷ್ಟು ದೊಡ್ಡ ಸಮುದ್ರದಲ್ಲಿ ಅವ್ರೊಬ್ರು ನಿಂತ್ಕೊಂಡ್ರೆ ಯಾರಿಗೇನು ಕಷ್ಟ?"

ದುಃಖವಾದಾಗ ನನ್ನ ನಾಲಿಗೆ ಚೂಪಾಗುತ್ತದೆ, ಹುಟ್ಟುಗುಣ. ಇದು ಅಣ್ಣ ಅಲ್ಲ, ಯಂತ್ರದ ತಪ್ಪು ಲೆಕ್ಕ ಎಂದು ಮಗುವಿಗೆ ಪಾಠ ಹೇಳುವಂತೆ ಒಂದೊಂದಾಗಿ ಬಿಡಿಸಿ ಹೇಳಿದೆ. ಕ್ಯಾಮೆರಾ, ಬಿಳಿ ಬೆಳಕು, ಕಪ್ಪು ಬಟ್ಟೆ. ಅವರು ಕೇಳಿಸಿಕೊಂಡು, ಹಾಗಾದರೆ ಅಳತೆ ನಡೆಯುವಾಗ ತಾನು ಅಡ್ಡ ಬಂದರೆ ತಾನೂ ಹೀಗೇ ಉಳಿಯುತ್ತೇನಾ ಎಂದು ಕೇಳಿದರು.

"ಸುಮ್ನೆ ಹಾದುಹೋದ್ರೆ ಉಳಿಯಲ್ಲ" ಎಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತಿಗೆ ಗೋಡೆಯನ್ನು ನೋಡಿದರು, ನನ್ನನ್ನು ನೋಡಿದರು.

"ಮತ್ತೆ ಎಷ್ಟು ಹೊತ್ತು ನಿಂತಿರ್ಬೇಕು?"

ನಾನು ರಿಮೋಟನ್ನು ತಿರುವಿ ಮುರುವಿ ನೋಡಿದೆ. ಅವರು ಹೇಳು ಎಂದರು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿತ್ತು.

"ಹೆಚ್ಚುಕಮ್ಮಿ ಪೂರ್ತಿ" ಎಂದೆ.

ಅವರು ಅಳಲಿಲ್ಲ. ನೆಲದ ಮೇಲೆ ಕೂತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು. ಕೊನೆಗೆ ಎದ್ದು, ತಾನು ಅಲ್ಲಿ ನಿಲ್ಲುತ್ತೇನೆ, ಯಂತ್ರ ಹಚ್ಚು ಎಂದರು. ಹೊಸ ಅಳತೆ ಮುಗಿದರೆ ಹಳೆಯದು ಹೋಗುತ್ತದೆ, ಅಣ್ಣ ಹೋಗಿ ನೀವೊಬ್ಬರೇ ಉಳಿಯುತ್ತೀರಿ ಎಂದೆ. ಅದೆಲ್ಲ ಆಮೇಲಿನ ಮಾತು ಎಂದರು.

"ನೋವೇ ಆಗ್ಲಿಲ್ಲ ಅಂತ ನಂಬ್ಕೊಂಡು ಇಷ್ಟು ದಿನ ಬದುಕಿದೀನಿ. ಈಗ ಅದೂ ಇಲ್ಲ. ಎಷ್ಟು ಹೊತ್ತು ಅನ್ನೋದಾದ್ರೂ ನಂಗೆ ಗೊತ್ತಾಗ್ಲಿ."

ಅವರು ಹೋಗಿ ಅಣ್ಣನ ಜಾಗದಲ್ಲಿ, ಅಣ್ಣನ ಹಾಗೆ ಕೈಯೂರಿ ನಿಂತರು. ಯಂತ್ರ ಹಚ್ಚಿ ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಕೆಂಪು ದೀಪ ಹತ್ತಿತು. ಕಾವಲಿನವಳು ಒಂದು ಬದಿಗೆ, ನಾನು ಒಂದು ಬದಿಗೆ. ಓಣಿಯಂಥ ಆ ಹಜಾರದಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೇನಿಲ್ಲ. ಅಣ್ಣ ಹೋದ ದಿನ ಈ ಹೊತ್ತು ಹೇಗೆ ಕಳೆಯಿತೆಂದೇ ನನಗೆ ನೆನಪಿಲ್ಲ. ಇಂದು ಅದು ಮುಗಿಯುತ್ತಲೇ ಇರಲಿಲ್ಲ. ಒಳಗೆ ಅತ್ತಿಗೆಯೊಬ್ಬರೇ ಇಲ್ಲ, ಅವರ ಬೆನ್ನ ಹಿಂದೆ ಅವನೂ ನಿಂತಿದ್ದಾನೆ ಎನಿಸಿತು. ಬಾಗಿಲಿಗೆ ಕಿವಿ ಕೊಟ್ಟೆ, ಏನೂ ಇಲ್ಲ. ತಲೆ ಹೋದರೂ ತೆರೆಯಬೇಡ ಎಂದಿದ್ದ. ದೀಪ ಕೆಂಪಗೆ ಉರಿಯುತ್ತಿರುವಾಗಲೇ ನಾನು ಬಾಗಿಲು ತೆರೆದೆ.

ಹಜಾರದ ಬೆಳಕು ಒಳಗೆ ನುಗ್ಗಿ ಅಳತೆ ಕೆಟ್ಟಿತು. ಬಿಳಿ ಗೋಡೆಗೆ ಕೈಯೂರಿ ಅತ್ತಿಗೆ ನಿಂತೇ ಇದ್ದರು. ಮುಗಿಯಿತಾ ಎಂದರು. ಇಲ್ಲ, ಇನ್ನೂ ಅರ್ಧ ಎಂದೆ.

"ನಿನ್ನ ಹೆಸ್ರು ಹಿಡಿದು ಕೂಗ್ದೆ" ಎಂದರು ಅತ್ತಿಗೆ. ಗಂಟಲು ಕಟ್ಟಿಹೋಗಿತ್ತು. "ಗಂಟ್ಲು ಹರಿಯೋ ಹಾಗೆ ಕೂಗ್ದೆ. ಅದಕ್ಕೆ ಬಂದ್ಯಾ?"

"ಇಲ್ಲ ಅತ್ತಿಗೆ. ಏನೂ ಕೇಳಿಸ್ಲಿಲ್ಲ."

"ಹಾಗಾದ್ರೆ ಅವ್ರೂ ಕೂಗಿರ್ತಾರೆ."

ಇಬ್ಬರೂ ಅಲ್ಲೇ ಕುಸಿದು ಕೂತೆವು. ಅವರು ನನ್ನ ತಲೆಯನ್ನು ತಮ್ಮ ಎದೆಗೆ ಒತ್ತಿಕೊಂಡರು, ಅತ್ತಿದ್ದು ನಾನು. ಅಳತೆ ಅರ್ಧಕ್ಕೆ ನಿಂತದ್ದರಿಂದ ಹಳೆಯದೇ ಉಳಿದಿತ್ತು. ಸಮುದ್ರ ಮತ್ತೆ ಬಂದಾಗ ಅಣ್ಣ ಅದೇ ಜಾಗದಲ್ಲಿ ಕೈಯೆತ್ತಿ ನಿಂತಿದ್ದ. ಅತ್ತಿಗೆ ಅವನನ್ನು ಕಣ್ಣು ತುಂಬ ನೋಡಿದರು.

"ಸಾಕು" ಎಂದರು. "ನಿಂತು ನಿಂತು ಸೋತಿದ್ದಾರೆ. ಅಳಿಸು."

ಮೇಜಿನ ಕೆಳಗೆ, ಬಾಗಿಲ ಮರೆಯಲ್ಲಿ, ಎಲ್ಲ ಕಡೆ ಬಗ್ಗಿ ನೋಡಿ ಕೋಣೆ ಖಾಲಿಯೆಂದು ಖಾತರಿ ಮಾಡಿಕೊಂಡೆ. ಯಂತ್ರ ಹಚ್ಚಿ, ಹೊರಗೆ ಬಂದು ಬಾಗಿಲು ಮುಚ್ಚಿದೆ. ಒಳಗೆ ಯಾರೂ ಇರಲಿಲ್ಲ. ಆದರೂ ಕೆಂಪು ದೀಪ ಆರುವವರೆಗೆ ಅತ್ತಿಗೆ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದರು, ನಾನೂ ನಿಂತಿದ್ದೆ.