ಒಂದೇ ಪೇಪರಿನ ವಾಚನಾಲಯ

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್ ಹತ್ತಿರದ ಸಣ್ಣ ವಾಚನಾಲಯಕ್ಕೆ ಬರುತ್ತಿದ್ದುದು ಒಂದೇ ದಿನಪತ್ರಿಕೆ. ಅದನ್ನು ಹಾಳೆ ಹಾಳೆಯಾಗಿ ಬಿಡಿಸಿ ಆರೇಳು ಜನ ಹಂಚಿಕೊಂಡು ಓದುವುದು ಅಲ್ಲಿನ ಪದ್ಧತಿ. ಒಬ್ಬರ ಕೈಯಲ್ಲಿ ಕ್ರೀಡೆ, ಇನ್ನೊಬ್ಬರ ಕೈಯಲ್ಲಿ ಅಡಿಕೆ ಧಾರಣೆ. ಬೇಕಾದ ಹಾಳೆ ಬರುವ ತನಕ ಕಾಯಬೇಕು. ಕಾಯುವಾಗ ಬಾಯಿ ಮುಚ್ಚಿಕೊಂಡು ಕೂರುವುದು ಯಾರಿಂದ ಸಾಧ್ಯ? ಮಾತು ತಾನಾಗಿ ಹುಟ್ಟುತ್ತಿತ್ತು.

ಪ್ರಿಯಂವದಾ ಟೀಚರ್ ಅಲ್ಲಿಗೆ ಹೋಗುತ್ತಿದ್ದುದೇ ಈ ಮಾತಿಗಾಗಿ. ಶಿವಮೊಗ್ಗದ ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತರಾದ ಮೇಲೆ ಅಕ್ಕನ ಜೊತೆಗಿರಲು ಇಲ್ಲಿಗೆ ಬಂದಿದ್ದರು. ಅಕ್ಕ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡುವುದು ಟೀವಿ ಮಾತ್ರ. ಹಾಗಂತ ಯಾರ ಹತ್ತಿರವೂ ಹೇಳಿಕೊಂಡವರಲ್ಲ, ಬಿಗುಮಾನ ಜಾಸ್ತಿ. ಪದಬಂಧದ ಹಾಳೆ ಮಾತ್ರ ದಿನಾ ಮೊದಲು ಜಯಪ್ಪನವರ ಕೈ ಸೇರುತ್ತಿತ್ತು. ಅವರು ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಟೀಚರ್ ಪಕ್ಕದಲ್ಲಿ ಕಾದು ಕೂತರೆ, ಹಾಳೆ ಕೊಡದೆ ಸತಾಯಿಸುತ್ತ ಒಂದೊಂದೇ ಸುಳಿವು ಓದಿ ಹೇಳುವರು. ಟೀಚರ್ ಉತ್ತರ ಹುಡುಕುವರು.

ಅಷ್ಟರಲ್ಲಿ ನಗರಸಭೆಗೆ ಸಮುದಾಯ ಅನುದಾನ ಬಂತು. ವಾಚನಾಲಯ ಮುಚ್ಚಿ ಅಲ್ಲೇ ಜಿಮ್ ಮಾಡೋಣವೆಂದು ಕೆಲವು ಸದಸ್ಯರು ಪಟ್ಟು ಹಿಡಿದರು. ಸುದ್ದಿ ಟೀಚರ್ ಕಿವಿಗೂ ಬಿತ್ತು. ಸಾರ್ವಜನಿಕರ ಅಭಿಪ್ರಾಯ ಕೇಳುವ ದಿನ ಇಸ್ತ್ರಿ ಸೀರೆ ಉಟ್ಟು ಸಭೆಗೆ ಹೋದರು. ನನಗೆ ಮಾತಾಡಲು ಜನ ಬೇಕು ಎಂದು ತುಂಬಿದ ಸಭೆಯಲ್ಲಿ ಹೇಳುವುದು ಹೇಗೆ? ಅದನ್ನು ನುಂಗಿಕೊಂಡು ಓದುಗರ ಕಷ್ಟ ಬಣ್ಣಿಸಿದರು. ಒಂದು ಪತ್ರಿಕೆಗೆ ಅಷ್ಟು ಜನ ಕೈಚಾಚಿ ಕೂರುತ್ತಾರೆ, ವಯಸ್ಸಾದವರು ಒಂದು ಹಾಳೆಗಾಗಿ ಕಾಯುತ್ತಾರೆ, ಇದು ಊರಿಗೆ ಶೋಭೆಯೇ ಎಂದು ಕೇಳಿದರು. ಪಾಠ ಹೇಳಿ ಪಳಗಿದ ಗಂಟಲು. ಮೊಬೈಲ್ ನೋಡುತ್ತಿದ್ದವರೂ ತಲೆ ಎತ್ತಿದರು.

ವಾರ್ಡಿನ ಸದಸ್ಯ ವಿಜಯೇಂದ್ರ ಎದ್ದು ನಿಂತ. "ಟೀಚರ್ ಹೇಳಿದ್ದು ಸರಿ ಇದೆ. ಜಿಮ್ ಬೇರೆ ಕಡೆ ಮಾಡೋಣ. ಇನ್ಮೇಲೆ ಅಲ್ಲಿ ಯಾರೂ ಯಾರಿಗೂ ಕಾಯಬಾರ್ದು."

ಎಲ್ಲರೂ ಮೇಜು ತಟ್ಟಿದರು. ಟೀಚರ್ ಗೆದ್ದ ಖುಷಿಗೆ ಕಣ್ಣೊರೆಸಿಕೊಂಡರು.

ನಗರಸಭೆಯವರು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿಬಿಟ್ಟರು, ಅದೇ ಎಡವಟ್ಟಾಯಿತು. ಹೊಸ ಮೇಜು, ಹೊಸ ಫ್ಯಾನು, ಪ್ರತಿ ಕುರ್ಚಿಯ ಮುಂದೆ ಒಂದೊಂದು ಪತ್ರಿಕೆ. ಬಂದವರು ತಮ್ಮ ತಮ್ಮದನ್ನು ಅಗಲಿಸಿ ಹಿಡಿದು ಅದರ ಹಿಂದೆ ಮರೆಯಾದರು. ಓದಿ ಮುಗಿಸಿ, ಮಡಚಿಟ್ಟು, ತಲೆಯಾಡಿಸಿ ಹೊರಟರು. ಟೀಚರ್ ಪದಬಂಧವನ್ನು ಮನಸ್ಸಿನಲ್ಲೇ ಬಿಡಿಸಿ ಮನೆಗೆ ಹೋಗುತ್ತಿದ್ದರು. ಮನೆಯಲ್ಲಿನ ಒಂಟಿತನ ಹೇಗೋ ಅಭ್ಯಾಸವಾಗಿತ್ತು. ಇಷ್ಟು ಜನರ ನಡುವೆ ಒಂಟಿಯಾಗಿ ಕೂರುವುದು ಮಾತ್ರ ಅವರಿಂದ ಆಗಲಿಲ್ಲ.

ಕೊನೆಗೊಂದು ಬೆಳಿಗ್ಗೆ ಬಿಗುಮಾನ ಪಕ್ಕಕ್ಕಿಟ್ಟು, ತಮ್ಮ ಪತ್ರಿಕೆಯನ್ನು ಬೇಕೆಂದೇ ದೂರ ಸರಿಸಿ, ಜಯಪ್ಪನವರ ಪಕ್ಕ ಹೋಗಿ ಕೂತರು.

"ಜಯಪ್ಪನವ್ರೇ, ನಿಮ್ದು ಆದ್ಮೇಲೆ ಆ ಪದಬಂಧದ ಹಾಳೆ ಕೊಡ್ತೀರಾ? ಕಾಯ್ತೀನಿ."

ಜಯಪ್ಪನವರು ಗಾಬರಿಯಾಗಿ ಎದ್ದರು. ಇಷ್ಟೆಲ್ಲ ಸೌಕರ್ಯ ಕೊಡಿಸಿದ ಟೀಚರನ್ನೇ ಕಾಯಿಸುವುದೆಂದರೇನು? ಕಪಾಟಿನಿಂದ ಹೊಸ ಪ್ರತಿಯೊಂದನ್ನು ತಂದು ಎರಡೂ ಕೈಯಿಂದ ಅವರ ಮುಂದಿಟ್ಟರು.

"ನೀವ್ಯಾಕೆ ಕಾಯ್ಬೇಕು ಮೇಡಂ? ಪೂರ್ತಿ ನೀವೇ ಇಟ್ಕೊಳ್ಳಿ, ಆರಾಮಾಗಿ ಓದಿ."

ಅಷ್ಟು ಹೇಳಿ ಪ್ರೀತಿಯಿಂದ ನಕ್ಕು, ಟೀಚರ್ ಓದಿಗೆ ತೊಂದರೆಯಾಗದಿರಲೆಂದು ತಾವು ಬೇರೆ ಮೇಜಿಗೆ ಹೋಗಿ ಕೂತರು.