ಕೆರೆಗೆ ಇಳಿಯುವ ಹೊಸ ದಾರಿ

ಶನಿವಾರ ಸಂಜೆ ಸಾರಿಗೆ ಒಗ್ಗರಣೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ಮಾಲತಿ ಸೈಕಲ್ ಕ್ಲಬ್ಬಿನ ವಾರದ ಸುದ್ದಿ ಬರೆಯಲು ಕೂತಳು. ಚೆಟ್ಟಳ್ಳಿ ಸುತ್ತಿನ ಕಾಫಿ ತೋಟಗಳ ಇಳಿಜಾರುಗಳಲ್ಲಿ ಸೈಕಲ್ ಓಡಿಸುವ ಹತ್ತಿಪ್ಪತ್ತು ಜನರ ಕ್ಲಬ್ಬು ಅದು. ಮಾಲತಿ ಸೈಕಲ್ ಹತ್ತಿದವಳೇ ಅಲ್ಲ. ಮಗಳು ಅನುಪಮಾ ಸೇರಿದ ಮೇಲೆ ವಾಟ್ಸಾಪ್ ಗ್ರೂಪಿಗೆ ಸುದ್ದಿ ಬರೆಯುವ ಕೆಲಸ ತಾನಾಗಿ ಅವಳ ಪಾಲಿಗೆ ಬಂದಿತ್ತು.

"ಹೊಸ ದಾರಿ ಬಗ್ಗೆ ಚೆನ್ನಾಗಿ ಬರಿ ಅಮ್ಮ," ಎಂದಳು ಅನುಪಮಾ, ಬ್ರೇಕ್ ಬಿಗಿ ಮಾಡುತ್ತ. "ಗುದ್ದಲಿ ಹಾಕೋ ಕೆಲಸನೇ ಇಲ್ಲ. ಪಾಳುಬಿದ್ದ ಏಲಕ್ಕಿ ಕಾಡಿಂದ ಕೆರೆವರೆಗೂ ನಮಗೇ ಅಂತ ಯಾರೋ ಮಾಡಿಟ್ಟ ಹಾಗಿದೆ."

"ಯಾರು ಮಾಡಿಟ್ಟಿದ್ದು?"

"ಯಾರಾದ್ರೂ ಆಗ್ಲಿ. ಥ್ಯಾಂಕ್ಸ್ ಅಂತ ಬರಿ."

ಮಾಲತಿ ನಗುತ್ತಲೇ ಬರೆದಳು, ಐದು ಫೋಟೋ ಸೇರಿಸಿದಳು. ಆಮೇಲೆ ಹಸುವಿನ ಕೊರಳಿನ ಹಳೆಯ ಗಂಟೆಯೊಂದನ್ನು ತಂದು ಮಗಳ ಸೈಕಲ್ಲಿನ ಹ್ಯಾಂಡಲಿಗೆ ಕಟ್ಟಿದಳು.

"ನನ್ನನ್ನೂ ಕೊಟ್ಟಿಗೆಗೆ ಸೇರಿಸಿದ್ಯಲ್ಲ."

"ನೀನು ಬರೋದು ದೂರಕ್ಕೇ ಕೇಳ್ಬೇಕು, ಅಷ್ಟೇ."

ಆ ಕೆರೆಯಿದ್ದ ತೋಟದಲ್ಲಿ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟರ್ ಕುಟ್ಟಪ್ಪ ಕೂಡ ಗ್ರೂಪಿನಲ್ಲಿದ್ದರು. ಆನೆ ಯಾವ ಕಡೆ ಇದೆಯೆಂದು ತಿಳಿದರೆ ಶನಿವಾರವೇ ಬರೆಯುತ್ತಿದ್ದರು. ಅವರು ಬೇಡವೆಂದ ಕಡೆ ಯಾರೂ ಹೋಗುತ್ತಿರಲಿಲ್ಲ. ಈ ಸಲ ಅವರು ಏನಾದರೂ ಬರೆದದ್ದನ್ನು ಯಾರೂ ನೋಡಿರಲಿಲ್ಲ. ಭಾನುವಾರ ಬೆಳಿಗ್ಗೆ ಏಳಕ್ಕೆ ಅನುಪಮಾ ಸೇರಿ ಐದು ಜನ ಹೊರಟರು.

ಅವರಿಗೆಂದು ಮಾಲತಿ ಅಕ್ಕಿತರಿಯ ಕಡಂಬಿಟ್ಟಿನ ಉಂಡೆ ಕಟ್ಟುತ್ತಿದ್ದಾಗ ತೋಟದ ಆಳುಗಳ ಲೈನ್‌ಮನೆಯಿಂದ ಚೋಮಿ ಅರ್ಧ ಹಲಸಿನ ಹಣ್ಣು ಹೊತ್ತು ಬಂದಳು.

"ಇಷ್ಟೇ ಅಕ್ಕ ಈ ವರ್ಷ. ಉಳಿದದ್ದೆಲ್ಲ ನಿನ್ನೆ ರೈಟರ್ ಇಳಿಸಿ ಕೆರೆ ಹತ್ರ ಸುರಿಸಿದ್ರು."

"ಕೆರೆ ಹತ್ರ ಯಾಕೆ?"

"ಲೈನಿನ ಹತ್ರ ಹಣ್ಣಿದ್ರೆ ಆನೆ ಅಲ್ಲಿಗೇ ಬರ್ತದಲ್ಲ. ಕೆರೆ ಹತ್ರ ಹಾಕಿದ್ರೆ ಅದರ ದಾರೀಲೇ ಇಳಿದು, ತಿಂದು ಹೋಗ್ತದೆ. ಏಲಕ್ಕಿ ಕಾಡಿಂದ ಇಳಿಯೋ ದಾರಿ. ಯಾವ ಕಾಲದಿಂದ ತುಳಿದದ್ದೋ."

ಉಂಡೆ ಮಾಲತಿಯ ಕೈಯಲ್ಲೇ ಉಳಿಯಿತು. ಮೊಬೈಲ್ ತೆಗೆದಳು. ಅವಳ ಸುದ್ದಿಯ ಕೆಳಗೆ ಹೂವು, ಹೆಬ್ಬೆರಳು, ಭೇಷ್ ಭೇಷ್. ಅವುಗಳ ನಡುವೆ ಕುಟ್ಟಪ್ಪನವರ ಒಂದು ಸಾಲು: "ನಾಳೆ ಕೆರೆ ಕಡೆ ಯಾರೂ ಬರಬೇಡಿ. ಮರಿಯಾನೆ ಇದೆ." ಅದಕ್ಕೂ ಅವಳದೇ ಕೈಮುಗಿದ ಚಿತ್ರ. ಹೊಗಳಿದವರಿಗೆಲ್ಲ ಒತ್ತುತ್ತ ಹೋದವಳು, ಓದದೆ ಅದಕ್ಕೂ ಒತ್ತಿದ್ದಳು.

ಮಗಳ ಫೋನಿಗೆ ರೇಂಜ್ ಇರಲಿಲ್ಲ. ಕುಟ್ಟಪ್ಪ ಒಂದೇ ರಿಂಗಿಗೆ ಎತ್ತಿಕೊಂಡರು.

"ನೀವು ಕೈ ಮುಗಿದಿದ್ರಿ ಮಾಲತಿ. ತಿಳೀತು ಅಂದ್ಕೊಂಡೆ," ಎಂದರು. "ತೋಟದ ಗೇಟಿನ ಹತ್ರ ಬನ್ನಿ. ಜೀಪ್ ತರ್ತೇನೆ."

ಕೆರೆಯ ಏರಿಯ ಮೇಲೆ ಕುಟ್ಟಪ್ಪ ಎಂಜಿನ್ ಆರಿಸಿದರು. ಹಲಸಿನ ರಾಶಿ ಅರ್ಧ ಖಾಲಿಯಾಗಿತ್ತು. ಪಕ್ಕದಲ್ಲಿದ್ದ ಲದ್ದಿಯಿಂದ ಇನ್ನೂ ಹಬೆ ಏಳುತ್ತಿತ್ತು. ಹಕ್ಕಿಯ ಸದ್ದೂ ಇರಲಿಲ್ಲ.

ಆಗ ಮೇಲಿನ ಏಲಕ್ಕಿ ಕಾಡಿನಲ್ಲಿ ಗಂಟೆ ಕೇಳಿಸಿತು.

"ಬಂದ್ಲು," ಎಂದು ಮಾಲತಿ ಜೀಪಿನಿಂದ ಕಾಲು ಕೆಳಗಿಟ್ಟಳು. ಕುಟ್ಟಪ್ಪ ಅವಳ ರಟ್ಟೆ ಹಿಡಿದರು. ಸೈಕಲ್ ಇಳಿಯುವ ಸದ್ದಾಗಿರಲಿಲ್ಲ ಅದು. ಒಮ್ಮೆ ಬಡಿಯುವುದು, ನಿಲ್ಲುವುದು, ಮತ್ತೆ ಬಡಿಯುವುದು.

ಎಡಗಡೆಯ ಕಾಫಿ ಗಿಡಗಳು ಅಲುಗಾಡಿದವು. ಅನುಪಮಾ ಬಗ್ಗಿಕೊಂಡು ಹೊರಗೆ ಬಂದಳು. ಅವಳ ಹಿಂದೆಯೇ ಇನ್ನುಳಿದ ನಾಲ್ವರೂ ಬಂದರು. ಎಲ್ಲರ ಕೈಯೂ ಬರಿದು. ಅವಳ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು.

"ಮರಿ ಅಡ್ಡ ಬಂತಮ್ಮ," ಎಂದಳು ಪಿಸುಮಾತಿನಲ್ಲಿ. "ಸೈಕಲ್ ಬಿಟ್ಟು ಓಡಿದ್ವಿ. ಅದು ನನ್ನ ಸೈಕಲ್ ಎಳ್ಕೊಂಡು ಬರ್ತಾ ಇದೆ. ತಾಯಿ ಅದರ ಹಿಂದೆನೇ ಇದೆ."

"ಹತ್ತಿ," ಎಂದರು ಕುಟ್ಟಪ್ಪ. "ಬಾಗಿಲು ಬಡೀಬೇಡಿ."

ಮಾಲತಿ ಮಗಳನ್ನು ಮಡಿಲಿಗೆಳೆದುಕೊಂಡಳು. ಕುಟ್ಟಪ್ಪ ಕೀ ತಿರುಗಿಸಿದರು. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಗಂಟೆ ಈಗ ಹಲಸಿನ ರಾಶಿಯ ಹತ್ತಿರಕ್ಕೆ ಬಂದಿತ್ತು.